ಐದು ಭಾಗದಣ್ಣ

ಬೀದಿಯ ಕೊನೆಯಲ್ಲಿ ಒಂದೇ ಕುರ್ಚಿಯ ಕ್ಷೌರದಂಗಡಿ ಇಟ್ಟಿರುವ ಐದು ಭಾಗದಣ್ಣನಿಗೆ ಆ ಹೆಸರು ಬಂದದ್ದು ಅವನು ಬರೆದಿಟ್ಟಿರುವ ಐದು ಭಾಗದ ಕಾದಂಬರಿಯಿಂದ. ಪ್ರಕಾಶಕರು ಯಾರೂ ಮೂಸಿ ನೋಡದಿದ್ದಾಗ ತಾನೇ ಅಚ್ಚು ಹಾಕಿಸುತ್ತೇನೆಂದು ಹೊರಟ ಪುಣ್ಯಾತ್ಮ, ಮುಂಗಡ ಹಣ ಕೇಳುವುದಕ್ಕೆ ಒಳ್ಳೆಯ ಗಳಿಗೆಯನ್ನೇ ಕಂಡುಕೊಂಡಿದ್ದಾನೆ. ಗಿರಾಕಿಯ ಒಂದು ಕೆನ್ನೆ ಬೋಳಿಸಿ ಆಗಿರಬೇಕು, ಇನ್ನೊಂದರ ಮೇಲೆ ನೊರೆ ಇರಬೇಕು. ಎದ್ದು ಓಡುವ ಹಾಗಿಲ್ಲ. ಕಥೆ ಶುರುಮಾಡಿ, ನಾಯಕ ಇನ್ನೇನು ಬಾವಿಗೆ ಬೀಳಬೇಕು ಎನ್ನುವಾಗ ನಿಲ್ಲಿಸಿ, "ಮಿಕ್ಕಿದ್ದು ಪುಸ್ತಕದಲ್ಲಿ" ಎಂದು ರಸೀದಿ ತೆಗೆಯುತ್ತಾನೆ. ದುಡ್ಡು ಕೊಟ್ಟವರಿಗೆ ಕಾದಂಬರಿಯಲ್ಲೊಂದು ಪಾತ್ರ. "ನನ್ನನ್ನ ಎರಡನೇ ಭಾಗದಲ್ಲೇ ಸಾಯಿಸ್ಬಿಟ್ಟಿದ್ದೀಯಂತಲ್ಲೋ!" ಎಂದು ಬೇಕರಿಯವನು ಜಗಳಕ್ಕೆ ಬಂದರೆ, "ಎರಡು ಭಾಗಕ್ಕೆ ತಾನೇ ದುಡ್ಡು ಕೊಟ್ಟಿರೋದು ಭಾವ? ಐದಕ್ಕೂ ಕೊಡಿ, ಮೊಮ್ಮಕ್ಕಳನ್ನ ಕಾಣ್ತೀರ" ಎನ್ನುತ್ತಾನೆ. ಇಷ್ಟಾದರೂ ಮೂರು ವರ್ಷದಲ್ಲಿ ಕೂಡಿದ್ದು ಒಂದು ಭಾಗದ ಕಾಗದಕ್ಕೂ ಸಾಲದು. ಮೊನ್ನೆ, ಹಸ್ತಪ್ರತಿ ಓದಿದ್ದ ಸಾಬೂನು ಕಾರ್ಖಾನೆಯ ಯಜಮಾನರು ಕುರ್ಚಿಯಲ್ಲಿ ಕೂತು, "ನಾಲ್ಕು ಭಾಗದ ಪೂರ್ತಿ ಖರ್ಚು ನಂದು ಕಣಯ್ಯ. ಐದನೇದು ಮಾತ್ರ ಕೈಬಿಡು. ಅದರಲ್ಲಿ ಏನೂ ನಡೆಯೋಲ್ಲ, ನಿನ್ನ ನಾಯಕಿ ಮುದುಕಿಯಾಗಿ ಬಿಸಿಲಲ್ಲಿ ತಲೆ ಬಾಚ್ಕೊಳ್ತಾ ಕೂತಿರ್ತಾಳೆ, ಅಷ್ಟೆ" ಎಂದರು. ಅವನ ಕೈಯ ಕತ್ತಿ ನಿಂತಿತು. ಊರಿನವರ ನರೆಗೂದಲನ್ನೆಲ್ಲ ದಿನಾ ಗುಡಿಸಿ ಎಸೆಯುವವನು ಅವನು; ಆ ಕಥೆಗೆ ಅವನು ನಾಯಕಿ ಮಾಡಿಕೊಂಡಿದ್ದ ಅವನ ಸ್ವಂತ ಹೆಂಡತಿ ಮಾತ್ರ ಮೂವತ್ತೊಂದನೇ ವಯಸ್ಸಿಗೇ ಕಣ್ಣುಮುಚ್ಚಿದ್ದಳು. "ಬೇಡ ಯಜಮಾನ್ರೆ," ಎಂದ ಮೆಲ್ಲಗೆ, "ಅವಳಿಗೆ ಕೂದಲು ಬೆಳ್ಳಗಾಗೋದು ಆ ಭಾಗದಲ್ಲೇ."