ಗಂಡನ ಕರೀ ಕನ್ನಡಕ

ಹುನಗುಂದದ ಲಗಮವ್ವನಿಗೆ ಎರಡು ವರ್ಷದಿಂದ ಎರಡೂ ಕಣ್ಣಿಗೆ ಪೊರೆ. ಜೋಳದಲ್ಲಿ ಹರಳು ಕಾಣುವುದಿಲ್ಲ, ಎದುರು ಬಂದವರನ್ನು ದನಿಯಿಂದಲೇ ಗುರುತು ಹಿಡಿಯಬೇಕು. ಆದರೂ ರೊಟ್ಟಿ ಬಡಿಯುವುದು ನಿಂತಿಲ್ಲ; ಆ ಕೆಲಸಕ್ಕೆ ಕಣ್ಣಿಗಿಂತ ಕೈ ಮುಖ್ಯ ಎಂದು ಗಂಡ ಹುಲ್ಲಪ್ಪ ದೊಡ್ಡ ಮನಸ್ಸು ಮಾಡಿ ಹೇಳಿದ್ದ. ತಡ ಮಾಡಿದಷ್ಟೂ ತೊಂದರೆ ಎಂದು ಬಾಗಲಕೋಟೆಯ ಕಣ್ಣಿನ ಡಾಕ್ಟರು ಎರಡು ಸಲ ಆಪರೇಷನ್ ತಾರೀಖು ಕೊಟ್ಟಿದ್ದರು. ಒಂದು ಸಲ ಹುಲ್ಲಪ್ಪನಿಗೆ ಮೀಟಿಂಗು ಬಂತು, ಇನ್ನೊಂದು ಸಲ ಯಾರದೋ ಸತ್ಕಾರ ಬಂತು. ಹೆಂಡತಿಯ ಕಣ್ಣು ಎಲ್ಲಿ ಓಡಿ ಹೋಗುತ್ತದೆ?

ಈ ಹುಲ್ಲಪ್ಪ ಎಂದರೆ ಪತ್ತಿನ ಸಂಘದ ನಿರ್ದೇಶಕ, ಹಬ್ಬಕ್ಕೊಮ್ಮೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸಿನಲ್ಲಿ ಕೈ ಮುಗಿದು ನಿಲ್ಲುವ ಆಸಾಮಿ. ಈ ಸಲದ ಫ್ಲೆಕ್ಸಿನಲ್ಲಿ ಕಣ್ಣ ಕೆಳಗಿನ ಚೀಲಗಳು ಎದ್ದು ಕಂಡವಂತೆ. ಫೋಟೋದಲ್ಲೇ ಮುಖ ತಿಕ್ಕಿ ನುಣ್ಣಗೆ ಮಾಡಿಕೊಡುತ್ತೇನೆ ಎಂದು ಫ್ಲೆಕ್ಸ್ ಅಂಗಡಿಯವನು ಹೇಳಿದರೂ ಕೇಳದೆ, ಮುಖ ಚೆಂದ ಮಾಡುವ ದವಾಖಾನೆಗೆ ಹೋಗಿ ಅವನ್ನು ಕೊಯ್ಸಿಕೊಂಡು ಬಂದ. ಕಣ್ಣ ಬುಡ ಊದಿ ನೀಲಿಗಟ್ಟಿತ್ತು. ಹೆಂಡತಿಯ ಹೆರಿಗೆಯಲ್ಲಿ ಒಂದು ದಿನ ದವಾಖಾನೆಯಲ್ಲಿ ಕೂರದ ಗಂಡಸು, ತಾಸಿಗೊಮ್ಮೆ ಐಸ್ ಒತ್ತು, ದಿಂಬು ಎತ್ತರ ಮಾಡು ಎಂದು ನರಳಿದ. ಐಸಿನ ಅರಿವೆ ತಪ್ಪಿ ಮೂಗಿಗೆ ತಾಗಿದರೆ, ಕಣ್ಣು ಕಾಣುವುದಿಲ್ಲವೇ ಎಂದು ಗದರಿದ. ಖರೆ ಹೇಳಬೇಕೆಂದರೆ, ಕಾಣುತ್ತಿರಲಿಲ್ಲ.

ಊರಿಗೆ ಏನು ಹೇಳುವುದು? ಕರೀ ಕನ್ನಡಕ ಏರಿಸಿ, ಪೊರೆ ತೆಗೆಸಿದೆ ಎಂದು ಸುದ್ದಿ ಬಿಟ್ಟ. ಕಟ್ಟಿಕೊಂಡ ಹೆಂಡತಿಯ ರೋಗವನ್ನೂ ಬಿಡಲಿಲ್ಲ ಈ ಮನುಷ್ಯ. ಬರುವ ಸೋಮವಾರಕ್ಕೆ ಡಾಕ್ಟರು ಲಗಮವ್ವನಿಗೆ ಮೂರನೆಯ ಸಲ ಕೊಟ್ಟ ತಾರೀಖಿತ್ತು. ಒಂದೇ ಮನೆಯಲ್ಲಿ ಇಬ್ಬರದೂ ಒಮ್ಮೆಲೇ ಅಂದರೆ ಮಂದಿಗೆ ಸಂಶಯ ಬರುತ್ತದೆ, ನಿನ್ನದು ಆರು ತಿಂಗಳು ಬಿಟ್ಟು ನೋಡೋಣ ಎಂದ. ಲಗಮವ್ವನಿಗೆ ಮೈಯೆಲ್ಲ ಉರಿಯಿತು.

ಆಪರೇಷನ್ ಆದವರನ್ನು ಮಾತಾಡಿಸಲು ಹೋಗದವರನ್ನು ಈ ಕಡೆ ಮನುಷ್ಯರೆಂದೇ ಎಣಿಸುವುದಿಲ್ಲ. ಇಷ್ಟು ವರ್ಷ ಊರಲ್ಲಿದ್ದೂ ಹುಲ್ಲಪ್ಪ ಅದನ್ನು ಮರೆತಿದ್ದ. ಬ್ರೆಡ್ಡು, ಬಾಳೆಹಣ್ಣು, ಎಳನೀರು ಹಿಡಿದು ಮಂದಿ ಬಂದದ್ದೇ ಬಂದದ್ದು. ಶಿರೂರಿನಿಂದ ಬೀಗರೂ ಬಂದರು. ಬಂದವರೆಲ್ಲ ಭಾಳ ಸೊರಗೀರಿ ಎಂದರು. ವಯಸ್ಸು ಇಳಿಸಿಕೊಳ್ಳಲು ಹೋದವನಿಗೆ ಆ ಮಾತು ಹೊಲಿಗೆಗಿಂತ ಹೆಚ್ಚು ಚುಚ್ಚಿತು. ಲಗಮವ್ವ ಗೋಡೆ ಹಿಡಿದು ಓಡಾಡುತ್ತ ಎಲ್ಲರಿಗೂ ಚಹಾ ಕೊಟ್ಟಳು. ಪೊರೆ ಯಾರಿಗೆ ಎಂದು ಒಬ್ಬರೂ ಕೇಳಲಿಲ್ಲ.

ರವಿವಾರ ಪಕ್ಕದ ಮನೆಯ ನಜೀರಸಾಬ ಹೆಂಡತಿ ಮೌಲಾಬಿಯನ್ನು ಕರೆದುಕೊಂಡು ಬಂದ. ಇನ್ನೂ ನಾಲ್ಕು ಮಂದಿ ಕೂತಿದ್ದರು. ಅಷ್ಟರಲ್ಲಿ ಫೋನು ಬಂತು. ಕನ್ನಡಕದ ಕೆಳಗೆ ಎರಡೂ ಕೈಯಿಂದ ಐಸ್ ಒತ್ತಿಕೊಂಡಿದ್ದ ಹುಲ್ಲಪ್ಪ, ಯಾರೆಂದು ನೋಡು ಎಂದು ಹೆಂಡತಿಗೆ ಹೇಳಿದ. ಅವಳು ತಡಕಾಡಿ ಎಲ್ಲೋ ಒತ್ತಿ ಹಲೋ ಎಂದಳು, ಆ ಕಡೆಯ ದನಿ ಪಡಸಾಲೆಯ ತುಂಬ ಕೇಳಿತು.

"ಹುಲ್ಲಪ್ಪ ಸರ್ ಮನಿಯವರೇನ್ರಿ? ಅವರು ಕಣ್ಣ ಕೆಳಗಿನ ಚೀಲ ತೆಗಿಸಿದ್ರಲ್ಲ, ಈಗ ಆರಾಮ ಅದಾರೇನ್ರಿ? ಮುಖ ಚೆಂದ ಆಗಿದ್ದಕ್ಕ ಹತ್ತರಾಗ ಎಷ್ಟು ಮಾರ್ಕ್ಸ್ ಕೊಡ್ತೀರಿ?"

ಮುಖ ಚೆಂದ ಮಾಡುವ ದವಾಖಾನೆಯ ಹುಡುಗಿ. ಬಂದ್ ಮಾಡು, ಬಂದ್ ಮಾಡು ಎಂದು ಹುಲ್ಲಪ್ಪ ಕೈ ಬೀಸಿ ಸನ್ನೆ ಮಾಡಿದ. ಸನ್ನೆ ಲಗಮವ್ವನಿಗೆ ಕಾಣಲಿಲ್ಲ.

"ನನಗ ಎರಡೂ ಕಣ್ಣಿಗೆ ಪೊರಿ ಬಂದೈತವ್ವಾ, ಅವರ ಮುಖ ಕಾಣೂದಿಲ್ಲ," ಎಂದಳು. "ಮಾತಾಡಸಾಕ ಬಂದವರು ಇಲ್ಲೇ ಕುಂತಾರ. ಅವರನ್ನ ಕೇಳು."

ನಜೀರಸಾಬ ಕೈಯಲ್ಲಿದ್ದ ಚಹಾದ ಕಪ್ಪನ್ನೇ ನೋಡುತ್ತ ಕೂತ. ಮೌಲಾಬಿ ಮಾತ್ರ ಲಗಮವ್ವನ ಹತ್ತಿರ ಸರಿದು, ಡಾಕ್ಟರು ಯಾವ ತಾರೀಖು ಕೊಟ್ಟಿದ್ದಾರೆಂದು ಕೇಳಿದಳು. ಮರುದಿನ ಮುಂಜಾನೆ ಇಬ್ಬರೂ ಬಾಗಲಕೋಟೆ ಬಸ್ಸು ಹತ್ತಿದರು. ಹುಲ್ಲಪ್ಪನನ್ನು ಕೇಳುವ ಗೋಜಿಗೆ ಹೋಗಲಿಲ್ಲ.

ಒಂದು ಕಣ್ಣಿನದು ಮುಗಿಸಿಕೊಂಡು ಬಂದವಳ ಎದುರು ಹುಲ್ಲಪ್ಪ ಕನ್ನಡಕ ತೆಗೆದು ನಿಂತ. ಊರೆಲ್ಲ ನಕ್ಕಿದ್ದರೂ ಚಪಲ ಬಿಟ್ಟಿರಲಿಲ್ಲ.

"ಹ್ಯಾಂಗ ಕಾಣಸ್ತೇನಿ?"

ಎರಡು ವರ್ಷದ ಮೇಲೆ ಲಗಮವ್ವ ಗಂಡನ ಮುಖವನ್ನು ಸಾವಕಾಶ ನೋಡಿದಳು.

"ಇನ್ನೊಂದು ಕಣ್ಣಿಂದೂ ಆಗಲಿ," ಎಂದಳು. "ಆಮ್ಯಾಲೆ ಹೇಳ್ತೇನಿ."