ಸಿಲಿಂಡರಿಗೆ ಇಟ್ಟ ಕುಂಕುಮ

ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷದ ಖಂಡೇನವಮಿ, ಆಯುಧಪೂಜೆಯ ದಿನ, ಬೆಳಗಿನ ಪಾಳಿಗೆ ಮುಂಚೆ. ಪುಣೆಯ ಹತ್ತಿರ ಚಿಂಚವಾಡದ ಕಾರ್ಖಾನೆಯ ಗೋದಾಮಿನಲ್ಲಿ, ತೆರೆದಿದ್ದ ಶಟರಿನ ಎಡಗಡೆಯ ಕಂಬದ ಹತ್ತಿರ ನಾನು ನಿಂತಿದ್ದೆ. ಕೈಯಲ್ಲಿ ಪೇಢೆಯ ಡಬ್ಬಿ ಇತ್ತು.

ಎದುರಿಗೆ, ಹೂ ಮುಡಿಸಿದ ಫೋರ್ಕ್‌ಲಿಫ್ಟ್. ಅದು ಪ್ರೊಪೇನ್ ಗ್ಯಾಸಿನದು. ಚಾಲಕನ ಬೆನ್ನ ಹಿಂದೆ ಸಿಲಿಂಡರ್ ಅಡ್ಡ ಮಲಗಿರುತ್ತದೆ. ಒಳಗಿರುವುದು ದ್ರವ. ಅದು ಕೊಳವೆಯಲ್ಲಿ ಹೊರಟು, ಎಂಜಿನ್ನಿನ ಬಿಸಿನೀರು ಹಾಯುವ ಪೆಟ್ಟಿಗೆಯಲ್ಲಿ ಅನಿಲವಾಗಿ, ಗಾಳಿಯೊಡನೆ ಬೆರೆತು ಉರಿಯುತ್ತದೆ. ಸಿಲಿಂಡರನ್ನು ಹೇಗೆ ಬೇಕಾದರೂ ಮಲಗಿಸುವಂತಿಲ್ಲ. ಅದರ ಕೊರಳಪಟ್ಟಿಯ ತೂತಿನಲ್ಲಿ ಗಾಡಿಯ ಗೂಟ ಕೂರಬೇಕು, ಆಗಲೇ ಕೊಳವೆ ನೆಟ್ಟಗೆ ಕೂಡುತ್ತದೆ.

ಅಂದು ಚಾಲಕನ ಹೆಂಡತಿ ಸಿಲಿಂಡರಿಗೆ ಕುಂಕುಮದಲ್ಲಿ ಸ್ವಸ್ತಿಕ ಬರೆದಿದ್ದಳು. ಕೂರಿಸಿದಾಗ ಅದು ಕೆಳಬದಿಗೆ ಹೋಯಿತು. ಚಾಲಕ ಸಿಲಿಂಡರನ್ನು ಬಿಗಿದಿದ್ದ ಪಟ್ಟಿ ಸಡಿಲಿಸಿ, ಸ್ವಸ್ತಿಕ ಮೇಲೆ ಕಾಣುವಂತೆ ತಿರುಗಿಸಿ ಬಿಗಿದ. ಗೂಟ ತಪ್ಪಿತು, ಕೊಳವೆ ತಿರುಚಿಕೊಂಡಿತು.

"ಮನ್ಯಾಗಿನ ಗ್ಯಾಸಿಗೆ ಒಂದಿನ ಕೈ ಹಚ್ಚಿಲ್ಲ. ಇದನ್ನ ನೋಡ್ರಿ, ಕೂಸಿನಂಗ ಹೊಳ್ಳಿಸಿ ಮಲಗಸ್ತಾರ," ಎಂದು ಆಕೆ ನನಗೆ ಹೇಳಿದಳು.

"ಅನ್ನ ಹಾಕೂದು ಇದ. ಸುಮ್ನಿರು," ಎಂದ ಅವನು. ಆರತಿಯಾದೊಡನೆ ಎಂಜಿನ್ ಶುರು ಮಾಡಲೆಂದು ವಾಲ್ವ್ ತೆರೆದ.

ಬುಸ್ಸೆಂಬ ಸದ್ದು. ಕೊಳವೆ ಕೂಡುವ ಕಡೆಯಿಂದ ಬಿಳಿ ಮಂಜು ಇಳಿದು ನೆಲ ಹಿಡಿದು ಹರಿಯಿತು. ಈ ಗ್ಯಾಸ್ ಗಾಳಿಗಿಂತ ಭಾರ. ಮಂಜು ಮುಗಿದಂತೆ ಕಂಡ ಕಡೆ ಗ್ಯಾಸ್ ಮುಗಿದಿರುವುದಿಲ್ಲ. ಆಕೆಯ ತಟ್ಟೆಯಲ್ಲಿ ದೀಪ ಉರಿಯುತ್ತಿತ್ತು.

"ಹಿಂದಕ್ಕ ಸರಿ. ದೀಪ ಊದು," ಎಂದ ಚಾಲಕ.

"ದೇವರ ದೀಪ ಊದತಾರೇನ್ರಿ?"

ಬೆಂಕಿಗೆ ಅಂಗೈ ಮರೆ ಮಾಡಿ, ತಟ್ಟೆಯನ್ನು ತಲೆಯ ಮಟ್ಟಕ್ಕೆತ್ತಿ, ಆಕೆ ಹಿಮ್ಮುಖವಾಗಿ ನಡೆದಳು. ಮಂಜು ಅವಳ ಸೀರೆಯ ಅಂಚಿನತ್ತಲೇ ಬರುತ್ತಿತ್ತು. ಒಳಗೆ ಶಿರೂರಿನ ವಾಚ್‌ಮನ್, ಗ್ಯಾಸ್ ಹೊರಹೋಗಲೆಂದು ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ್ದ. "ಪಂಖಾ ಲಾವೂ ನಕಾ," ಫ್ಯಾನ್ ಹಾಕಬೇಡಿ ಎಂದು ಚಾಲಕ ಮರಾಠಿಯಲ್ಲಿ ಕೂಗಿದ. ಗ್ಯಾಸ್ ಹೊತ್ತಿಕೊಳ್ಳಲು ಸ್ವಿಚ್ಚಿನ ಕಿಡಿ ಸಾಕಿತ್ತು. ವಾಚ್‌ಮನ್ ಕೈ ಹಿಂತೆಗೆದ.

ಚಾಲಕನ ಚರ್ಮದ ಕೈಗವಸು ಪೂಜೆಗೆಂದು ನಟ್ಟು ಬಿಗಿಯುವ ಪಾನಾಗಳ ಜೊತೆ ದೇವರ ಪಟದ ಮುಂದಿತ್ತು. ಅವನು ಬರಿಗೈಯಲ್ಲೇ, ಹಿಮದಂತೆ ಕೊರೆಯುವ ಮಂಜಿನೊಳಗೆ ವಾಲ್ವ್ ತಿರುಗಿಸಿ ಮುಚ್ಚಿದ. ಸದ್ದು ನಿಂತಾಗ ಅವನ ಬೆರಳುಗಳು ಮೇಣದಂತೆ ಬೆಳ್ಳಗಾಗಿದ್ದವು. ಆಕೆ ಅಂಗಳದ ಆಚೆ, ಗೇಟಿನ ಹತ್ತಿರ, ದೀಪ ಹಿಡಿದೇ ನಿಂತಿದ್ದಳು.

ಚಾಲಕ ಆಮೇಲೆ ಬಹಳ ವರ್ಷ ಬದುಕಿ, ಕಾಯಿಲೆಯಿಂದ ತೀರಿಕೊಂಡ. ಇದನ್ನು ಕಂಡವರಲ್ಲಿ ಈಗ ಇರುವವರು ನಾನು, ಶಿರೂರಿಗೆ ಮರಳಿದ ಆ ವಾಚ್‌ಮನ್, ಮತ್ತು ಪಿಂಪ್ರಿಯಲ್ಲಿ ಮಗಳ ಮನೆಯಲ್ಲಿರುವ ಆಕೆ.