ಫ್ಲಾಪಿಯಲ್ಲಿ ಬಂದ ಅರ್ಧ ಪುಟ

ಅಥವಾ ಅದು ಹಟ್ಟಿಯ ಬಸ್ಸೇ ಅಲ್ಲವೇನೋ. ಕಂಡಕ್ಟರ್ ಕಿಟಕಿಯಿಂದ ಕೈ ಚಾಚಿ ಲಕೋಟೆ ಕೊಟ್ಟದ್ದು ಕಣ್ಣ ಮುಂದಿದೆ, ಆದರೆ ಅವನ ಮುಖದ ಜಾಗದಲ್ಲಿ ನಾನು ಬೇರೆ ಯಾರದೋ ಮುಖ ಇಟ್ಟುಕೊಂಡಿದ್ದೇನೆ ಎಂಬ ಅನುಮಾನ ಬಹಳ ದಿನದಿಂದ ಇದೆ. ಮಾತು ಮಾತ್ರ ಹೀಗೇ ಇತ್ತು ಅಂದುಕೊಳ್ಳುತ್ತೇನೆ.

“ನಿಮ್ಮ ದೋಸ್ತ ಕೊಟ್ಟಾನ್ರೀ. ಬಿಸಿಲಾಗ ಇಡಬ್ಯಾಡಂತ ಹೇಳ್ಯಾನ. ಏನೈತ್ರೀ ಇದ್ರಾಗ, ಬೆಣ್ಣೀನಾ?”

ಒಳಗಿದ್ದದ್ದು ಒಂದು ಕರಿ ಫ್ಲಾಪಿ.

ಆ ದೋಸ್ತ ಮತ್ತು ನಾನು ಸಿಂಧನೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಅಕ್ಕಪಕ್ಕ ಕೂತು ಲಗ್ನಪತ್ರಿಕೆ ಕಂಪೋಜ್ ಮಾಡಿದವರು. ಗೊರೇಬಾಳದವರ ಒಂದು ಪತ್ರಿಕೆಯಲ್ಲಿ ಹುಡುಗಿಯ ತಂದೆಯ ಹೆಸರೇ ಬಿಟ್ಟುಹೋಯಿತು. ಆ ತಂದೆ ಬಂದು ಕೂಗಾಡಿದಾಗ ನಾನು ಇವನ ಕಡೆ ಬೆರಳು ತೋರಿಸಿದೆ. ತಪ್ಪು ನನ್ನದು. ಈಗ ಹಾಗೆ ಬರೆಯುವುದು ಸುಲಭ. ಆಗಲೇ ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಅವನು ಅಂಗಡಿ ಬಿಟ್ಟು, ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿ ಒಬ್ಬ ಗುತ್ತಿಗೆದಾರನ ಕಚೇರಿಗೆ ಟೈಪಿಂಗ್ ಕೆಲಸಕ್ಕೆ ಹೋದ. ಎರಡು ವರ್ಷ ಮಾತಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ ಅಭ್ಯಾಸಬಲದಿಂದ ಏನೋ ಜೋರಾಗಿ ಅಂದುಬಿಡುತ್ತಿದ್ದೆ. ಪಕ್ಕದ ಕುರ್ಚಿಯ ಮೇಲೆ ಕಾಗದದ ಕಟ್ಟುಗಳಿದ್ದವು.

ಫ್ಲಾಪಿಯಲ್ಲಿ ಒಂದೇ ಫೈಲು. ಒತ್ತಿದರೆ, ಇದನ್ನು ಯಾವ ಪ್ರೋಗ್ರಾಮಿನಲ್ಲಿ ತೆರೆಯಲಿ ಎಂದು ಕಂಪ್ಯೂಟರು ನನ್ನನ್ನೇ ಕೇಳಿತು. ಹೆಸರಿನ ಕೊನೆಯ ಮೂರಕ್ಷರ ಅದಕ್ಕೆ ಗುರುತಿರಲಿಲ್ಲ. ಲಿಂಗಸುಗೂರಿಗೆ, ಕಂಪ್ಯೂಟರ್ ಕ್ಲಾಸಿನ ಸರ್ ಹತ್ತಿರ ಹೋದೆ.

“ಈ ಫೈಲು ಯಾರ ಮನೀದು ಅಂತ ನಿಮ್ಮ ಸಿಸ್ಟಮ್ಮಿಗೆ ತಿಳೀವಲ್ದು,” ಎಂದು ಎರಡು ಫ್ಲಾಪಿ ಕೊಟ್ಟರು. “ಇವನ್ನ ಹಾಕ್ರಿ. ಇಂಥಾ ಫೈಲಿಗೆ ಇಂಥಾ ಪ್ರೋಗ್ರಾಮ್ ಅಂತ ಕಲಿಸಿಕೊಡ್ತಾವು. ಯಾಕ್ರೀ, ದೋಸ್ತಗ ಕೈಲೆ ಬರಿಯಾಕ ಬರಂಗಿಲ್ಲೇನು?”

“ಅವನ ಅಕ್ಷರ ಅವಗೇ ತಿಳಿಯಂಗಿಲ್ರೀ ಸರ್.”

ಇಲ್ಲೇ ತೆರೆಯೋಣವೇ ಎಂದರು. ಅಷ್ಟು ಹುಡುಗರ ಮುಂದೆ ಬೇಡವೆಂದೆ.

ಅಂಗಡಿಗೆ ಬಂದು ಮೊದಲ ಫ್ಲಾಪಿ ಹಾಕಿದೆ, ಎರಡನೆಯದು, ಮತ್ತೆ ಮೊದಲನೆಯದು. ಯಂತ್ರ ಆರಿಸಿ ಹಚ್ಚಿದೆ. ಫೈಲಿನ ಮೇಲಿದ್ದ ಬರಿ ಬಿಳಿ ಹಾಳೆಯ ಚಿತ್ರ ಹೋಗಿ ನೀಲಿ ಪುಸ್ತಕದ ಚಿತ್ರ ಬಂದಿತ್ತು. ಒತ್ತಿದೆ. ತೆರೆಯಿತು! ಅರ್ಧ ಪುಟ. ಆದರೆ ಕನ್ನಡವಲ್ಲ. ತಲೆಗೆ ಚುಕ್ಕಿ, ಕಾಲಿಗೆ ಕೊಂಡಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಅವನ ಕಚೇರಿಯ ಕನ್ನಡ ಫಾಂಟು ನಮ್ಮಲ್ಲಿರಲಿಲ್ಲ. ಓದಲು ಬಂದದ್ದು ಅಂಕಿ ಮಾತ್ರ: ಒಂದು ಕಡೆ 14, ಮುಂದೆ 10.30.

ಮುಚ್ಚುವಾಗ, ಸೇವ್ ಮಾಡಲೇ ಎಂದು ಕೇಳಿತು. ಹೌದು ಎಂದೆ. ಸಿಂಧನೂರಿನ ಕರೆಂಟು ನಮ್ಮ ಬೆರಳಿಗೆ ಕಲಿಸಿದ್ದು ಅದೊಂದೇ: ಏನೇ ಕೇಳಲಿ, ಮೊದಲು ಸೇವ್.

ಮರುದಿನ ಮತ್ತೆ ಲಿಂಗಸುಗೂರು. ಈ ಸಲ ಹುಡುಗರು ನೋಡಿದರೆ ನೋಡಲಿ ಎಂದೆ. ಸರ್ ಫಾಂಟು ಹಾಕಿ ತೆರೆದರು. ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ.

“ಸೇವ್ ಮಾಡೀರೇನು?”

“ಹೂಂ.”

“ಯಾಕ್ ಮಾಡಿದ್ರಿ? ಆ ಪ್ರೋಗ್ರಾಮು ಓದಾಕಷ್ಟ ಇತ್ತಲ್ರೀ! ಸೇವ್ ಮಾಡಿದ್ರ ತನಗ ಗುರುತಿಲ್ಲದ ಅಕ್ಷರ ಎಲ್ಲಾ ಅಳಿಸಿಬಿಡತೈತಿ. ಈಗ ಶಿವಾ ಬಂದ್ರೂ ಆಗಂಗಿಲ್ಲ.”

ಮತ್ತೆ ಕಳಿಸು ಎಂದು ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಅವನಾಗಿ ಕಳಿಸಿದ್ದನ್ನೂ ಕೆಡಿಸಿದೆ ಎಂದು ನನ್ನ ಕೈಯಾರೆ ಬರೆದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಆ 14 ತಾರೀಕು, 10.30 ಗಂಟೆ, ಭೇಟಿಗೆ ಕರೆದಿರಬೇಕು ಎಂದುಕೊಂಡು ಹದಿನಾಲ್ಕನೇ ತಾರೀಕು ಮಸ್ಕಿಗೆ ಹೋದೆ. ಇಬ್ಬರಿಗೂ ನಡುವಿನ ಊರು, ಅಷ್ಟೇ ಕಾರಣ. ಹತ್ತೂವರೆಯಿಂದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಲಿಂಗಸುಗೂರು ಕಡೆಯಿಂದ ಬಂದ ಪ್ರತಿ ಬಸ್ಸಿನ ಬಾಗಿಲು ನೋಡಿದೆ. ಒಬ್ಬ ಇಳಿದು, ಸುತ್ತ ನೋಡಿ, ಮತ್ತೆ ಹತ್ತಿದ. ಅವನನ್ನು ನಾನು ಅವತ್ತೇ ನೋಡಿದೆನೋ ಅಥವಾ ಆಮೇಲೆ ಸೇರಿಸಿಕೊಂಡೆನೋ. ಒಂದು ಗಂಟೆಗೆ ಸಿಂಧನೂರಿನ ಬಸ್ಸು ಹಿಡಿದೆ. ಕೂತ ಮೇಲೆ ಹೊಳೆಯಿತು: ತಾರೀಕು, ಅದರ ಮುಂದೆ ಗಂಟೆ, ಅದು ಅವನ ಮದುವೆಯ ಮುಹೂರ್ತವೂ ಆಗಿರಬಹುದು.

ಕೆಲವು ತಿಂಗಳ ಮೇಲೆ ಅವನು ಹಟ್ಟಿ ಬಿಟ್ಟನೆಂದು ಕೇಳಿದೆ. ಎಲ್ಲಿಗೆಂದು ಹೇಳಿದವರಿಗೂ ತಿಳಿದಿರಲಿಲ್ಲ. ಆ ಅರ್ಧ ಪುಟದಲ್ಲಿ ಅವನು ನನ್ನನ್ನು ಕರೆದಿದ್ದನೋ, ಬೈದಿದ್ದನೋ, ನನಗೆ ಗೊತ್ತಿಲ್ಲ.